ವಾರ್ಡಿನ ಬಾಗಿಲಿಗೆ ನಿನ್ನ ತಂಬಿಗಿ

ದೊಡ್ಡವ್ವಾ,

ಇತ್ತ ಕಡೆ ನಾವೆಲ್ಲ ಆರಾಮ ಇದ್ದೇವೆ. ಅತ್ತ ಕಡೆ ನೀನು ಹೇಗಿದ್ದೀ ಎಂದು ಕೇಳಿದರೆ, ಸತ್ತವರಿಗೆ ಏನು ಧಾಡಿ ಎಂದು ಬೈಯುತ್ತೀ. ಆದರೂ ನನಗೊಂದು ಚಿಂತೆ ಇದೆ. ಸ್ವರ್ಗದಲ್ಲಿ ಯಾರಿಗೂ ಜಡ್ಡು ಬರುವುದಿಲ್ಲವಂತೆ. ಜಡ್ಡು ಬರದಿದ್ದರೆ ಆಸ್ಪತ್ರೆ ಇರುವುದಿಲ್ಲ, ಆಸ್ಪತ್ರೆ ಇಲ್ಲದಿದ್ದರೆ ಮಾತಾಡಿಸಲು ಹೋಗುವ ಮಾತೇ ಇಲ್ಲ. ಹಾಗಾದರೆ ನಿನಗೆ ಅಲ್ಲಿ ಹೊತ್ತು ಹೋಗುವುದಾದರೂ ಹೇಗೆ? ನಿನ್ನ ಮಗಳು ಗಿರಿಜಾಳ ಸುದ್ದಿ ಹೇಳಬೇಕೆಂದು ಬರೆಯಲು ಕೂತಿದ್ದೇನೆ. ಒಮ್ಮೆಲೇ ಹೇಳುವುದಿಲ್ಲ. ನೀನು ಯಾವತ್ತಾದರೂ ಒಂದು ಸುದ್ದಿಯನ್ನು ನೆಟ್ಟಗೆ ಹೇಳಿದ್ದಿದೆಯೇನು?

ಹಾನಗಲ್ಲಿನ ಈ ಆಸ್ಪತ್ರೆಗೆ ನಾನು ನರ್ಸಾಗಿ ಸೇರಿದ ಹೊಸತರಲ್ಲಿ ನೀನು ತಿಳವಳ್ಳಿಯಿಂದ ಟಂಟಂ ಗಾಡಿ ತುಂಬ ಹೆಂಗಸರನ್ನು ಹೇರಿಕೊಂಡು ಬಂದದ್ದು ಕಣ್ಣಿಗೆ ಕಟ್ಟಿದೆ. ನಿಮ್ಮ ಓಣಿಯ ಒಬ್ಬಾಕೆಗೆ ಅಪೆಂಡಿಕ್ಸ್ ಆಪರೇಷನ್ ಆಗಿತ್ತು. ನಮ್ಮ ಕಡೆ ಜಡ್ಡಾದವರನ್ನು ಮಾತಾಡಿಸಲು ಹೋಗದೆ ಉಳಿದರೆ ಮುಂದೆ ಅವರ ಮನೆಯ ಲಗ್ನದಲ್ಲಿ ನಮ್ಮ ಎಲೆಗೆ ಹೋಳಿಗೆ ಬೀಳುವುದು ತಡವಾಗುತ್ತದೆ, ಅದು ನನಗೂ ಗೊತ್ತು. ಆದರೆ ನೀನು ಬಂದವಳೇ ಹಾಸಿಗೆಯ ಮೇಲೆ ಕೂತೆ. ನಿನ್ನ ಹಿಂದೆ ಬಂದವರೂ ಸಿಕ್ಕಷ್ಟು ಜಾಗದಲ್ಲಿ ಕೂತರು. ಆಪರೇಷನ್ ಆದಾಕೆ ಗೋಡೆಗೆ ಅಂಟಿದಳು. “ಎಲ್ಲಿ ಕೊಯ್ದಾರ, ತೋರ್ಸ ನೋಡೂಣು” ಎಂದು ನೀನು ಪಟ್ಟಿಯ ಅಂಚನ್ನು ಎತ್ತಿದೆ. ಯಾವ ಬೆರಳಿನಿಂದ? ಆಗತಾನೇ ಎಲೆಗೆ ಸುಣ್ಣ ಹಚ್ಚಿದ್ದ ಬೆರಳಿನಿಂದ. ನಾನು ಕಿರುಚಿಕೊಂಡೆ. ನೀನು ನಿಧಾನಕ್ಕೆ ತಿರುಗಿ, “ಯಾಕ ಒದರ್ತೀ ಲೇ ಸುಮಿ, ನಾ ಏನ ಹುಲಿ ಅದೇನೇನ?” ಎಂದೆ. ಹುಲಿ ಬಂದಿದ್ದರೆ ಓಡಿಸಬಹುದಿತ್ತು, ದೊಡ್ಡವ್ವಾ.

ಇನ್ನೊಂದು ಸಲ ನಮ್ಮ ಡಾಕ್ಟರ್ ಮೇಡಂ, ನೀನು ಬಾಯಾರು ಎನ್ನುತ್ತಿದ್ದೆಯಲ್ಲ ಅವರು, ವಾರ್ಡಿನ ಬಾಗಿಲಿಗೆ ಕೈಗೆ ಹಚ್ಚಿಕೊಳ್ಳುವ ಔಷಧದ ಬಾಟಲಿ ಇಡಿಸಿದ್ದರು. ಬಂದವರ ಕೈಗೆಲ್ಲ ಒಂದಿಷ್ಟು ಹಾಕುವುದು ನನ್ನ ಕೆಲಸ. ನಿನ್ನ ಸರದಿ ಬಂತು. ನೀನು ಸೆರಗು ತಲೆಗೆ ಹೊದ್ದು, ಎಡಗೈ ಮೇಲೆ ಬಲಗೈ ಇಟ್ಟು, ಬೊಗಸೆ ಒಡ್ಡಿದೆ. ಆ ಭಕ್ತಿ ನೋಡಿದಾಗಲೇ ನನಗೆ ಹೊಳೆಯಬೇಕಿತ್ತು. ಹಾಕಿದ್ದೇ ತಡ, ಕಣ್ಣಿಗೊತ್ತಿಕೊಂಡು ತುಟಿಗೆ ಹಚ್ಚಿದೆ, ಉಳಿದದ್ದನ್ನು ನೆತ್ತಿಗೆ ಸವರಿಕೊಂಡೆ. ಆಮೇಲೆ ಮುಖ ಕಿವಿಚಿ, “ಇದೆಂಥಾ ತೀರ್ಥಲೇ, ಸೆರಿ ನಾರಾಕತ್ತೈತಿ” ಎಂದೆ. ನೀನು ಅಷ್ಟಕ್ಕೇ ಬಿಟ್ಟಿದ್ದರೆ ಚಲೋ ಇತ್ತು. ಊರಿಗೆ ಹೋಗಿ, ಹಾನಗಲ್ಲ ದವಾಖಾನೆಯಲ್ಲಿ ಸೆರೆಯ ತೀರ್ಥ ಕೊಡುತ್ತಾರೆ ಎಂದು ಹೇಳಿದೆ. ಅದುವರೆಗೆ ಯಾರನ್ನೂ ಮಾತಾಡಿಸಲು ಬಾರದಿದ್ದ ನಿಮ್ಮೂರಿನ ಗಂಡಸರು ಆಮೇಲೆ ಪರಿಚಯವಿಲ್ಲದ ಪೇಷಂಟುಗಳನ್ನೂ ವಿಚಾರಿಸಿಕೊಂಡು ಹೋಗತೊಡಗಿದರು. ಬಾಟಲಿಗೆ ಸರಪಳಿ ಹಾಕಿಸಬೇಕಾಯಿತು.

ನಿನ್ನ ಮನೆಗೆ ಬಂದಾಗೆಲ್ಲ ನನಗೆ ಸೋಜಿಗವಾಗುತ್ತಿತ್ತು. ನಿನ್ನ ಹೊಸ್ತಿಲು ದಾಟಬೇಕಾದರೆ ಕೈಕಾಲಿಗೆ ನೀರು ತೆಗೆದುಕೊಳ್ಳಲೇಬೇಕು. ದೊಡ್ಡಪ್ಪ ಕೊಡ ತುಂಬಿಸಿ ಇಡುವುದು, ನೀನು ತಂಬಿಗಿಯಿಂದ ಹಾಕುವುದು. “ಬೆರಳ ಸಂದ್ಯಾಗ ತಿಕ್ಕು, ಹಿಂಬಡ ನೋಡು” ಎಂದು ಹೇಳುತ್ತಲೇ ಇರುತ್ತಿದ್ದೆ. ಗಿರಿಜಾಳನ್ನು ನೋಡಲು ಹಿರೇಕೆರೂರಿನ ಬೀಗರು ಬಂದಾಗ ಹುಡುಗನ ಸೋದರಮಾವ ಅವಸರದಲ್ಲಿ ನೆಟ್ಟಗೆ ಒಳಗೆ ನಡೆದನಲ್ಲ, ಆ ಸಂಬಂಧವನ್ನೇ ನೀನು ಮುರಿಯಲು ಹೊರಟಿದ್ದೆ. ಆ ಮನುಷ್ಯನನ್ನು ವಾಪಸು ಅಂಗಳಕ್ಕೆ ಇಳಿಸಿ ನೀರು ಹಾಕಿದ ಮೇಲೆಯೇ ಅವಲಕ್ಕಿಯ ತಾಟು ಹೊರಗೆ ಬಂತು. ದೊಡ್ಡಪ್ಪ ಪಕ್ಕದಲ್ಲಿ ನಿಂತು “ಹೂಂ” ಎಂದ. ಅವನು ಜೀವಮಾನದಲ್ಲಿ ಆಡಿದ ಮಾತು ಬಹುತೇಕ ಅದೊಂದೇ. ನಿನ್ನ ಪಕ್ಕದಲ್ಲಿ ಇನ್ನೊಂದು ಮಾತಿಗೆ ಜಾಗ ಎಲ್ಲಿತ್ತು?

ಹಿಂಗ್ಯಾಕ ಎಂದು ನಾನೊಮ್ಮೆ ಕೇಳಿಯೂ ಬಿಟ್ಟೆ. ಮನೆಯಲ್ಲಿ ಇಷ್ಟು ತೊಳೆಸುವವಳು ಆಸ್ಪತ್ರೆಗೆ ಬಂದಾಗ ಹಾಗೇ ಒಳಗೆ ನುಗ್ಗುತ್ತೀಯಲ್ಲ ಎಂದೆ. ನೀನು ನನ್ನನ್ನು ದಡ್ಡಿಯನ್ನು ನೋಡಿದಂತೆ ನೋಡಿದೆ. “ಅಲ್ಲಲೇ, ದವಾಖಾನಿ ಅಂದ್ರ ಮದ್ಲ ಸ್ವಚ್ಛ ಇರ್ತೈತಿ. ಮೂರ ಹೊತ್ತೂ ಫಿನಾಯ್ಲಾ ಹಾಕಿ ಒರಸ್ತೀರಿ. ಅಲ್ಲೇ ಹೋದ್ರ ನಾವೂ ಸ್ವಚ್ಛ ಆಗ್ತೇವಿ. ಗುಡಿಗೆ ಹೋದ್ರ ಪಾಪ ಹೋಗ್ತೈತ್ಯೋ ಇಲ್ಲೋ?” ಎಂದೆ. ಜಡ್ಡಾದವರು ತುಂಬಿದ ಜಾಗದಲ್ಲಿ ಒಬ್ಬರ ಜಡ್ಡು ಇನ್ನೊಬ್ಬರಿಗೆ ಹೋಗುವುದು ನಮ್ಮ ಕೈಗಳ ಮೇಲೆ ಸವಾರಿ ಮಾಡಿಕೊಂಡೇ ಎಂದು ಎಷ್ಟು ಹೇಳಿದರೂ ನೀನು ಗುಡಿಯ ಮಾತು ಬಿಡಲಿಲ್ಲ.

ನಿನ್ನ ಡಬ್ಬಿಯನ್ನು ಮೊದಲ ಸಲ ಕಂಡ ದಿನ ನಾನು ನಿಮ್ಮ ಅಡುಗೆಮನೆಯಲ್ಲಿ ಉಂಡಿ ಹುಡುಕುತ್ತಿದ್ದೆ. ದೀಪಾವಳಿಯ ಮಿಠಾಯಿ ಡಬ್ಬಿ, ಮೇಲೆ ನವಿಲಿನ ಚಿತ್ರ. ಮುಚ್ಚಳ ತೆಗೆದರೆ ಊರಿನ ಎಲ್ಲ ಜಡ್ಡುಗಳ ಉಳಿದ ಗುಳಿಗೆಗಳು. ಯಾರಿಗೋ ಕೆಮ್ಮಿಗೆ ಬರೆದದ್ದು, ಯಾರದೋ ಹಲ್ಲು ಕಿತ್ತಾಗ ಕೊಟ್ಟದ್ದು, ಎಲ್ಲವೂ ಅರ್ಧ ಪಟ್ಟಿ. ನೀನು ಕಾಯಿಲೆಯನ್ನು ಬಣ್ಣದಿಂದ ಗುರುತಿಸುತ್ತಿದ್ದೆ. ನೆಗಡಿಗೆ ಕೆಂಪು-ಕರಿ, ಹೊಟ್ಟೆ ಕೆಟ್ಟರೆ ಹಳದಿ, ಏನೆಂದು ತಿಳಿಯದಿದ್ದರೆ ಎರಡೂ. ಓಣಿಯ ಮಂದಿ ಮಜ್ಜಿಗೆ ಕೇಳಿದಂತೆ ಬಂದು ಗುಳಿಗೆ ಕೇಳುತ್ತಿದ್ದರು. ಡಾಕ್ಟರು ಬರೆದಷ್ಟನ್ನೂ ನುಂಗಿ ಮುಗಿಸಬೇಕು, ಬರೆಯದಿದ್ದರೆ ಮುಟ್ಟಲೇಬಾರದು ಎಂದು ನಾನು ಅಂದರೆ ನಿನ್ನ ಉತ್ತರ ತಯಾರು. “ಮಳಿ ನಿಂತ ಮ್ಯಾಲ ಯಾರರ ಛತ್ರಿ ಹಿಡಕೊಂಡ ಅಡ್ಡ್ಯಾಡ್ತಾರೇನ? ಜ್ವರಾ ಬಿಟ್ಟ ಮ್ಯಾಲ ಗುಳಿಗಿ ಯಾಕ?” ನಾನು ನಿನ್ನ ದಾರಿಗೇ ಬಂದು ಹೊಲದ ಮಾತು ಹೇಳಿದೆ. ಕರಿಕೆ ಹುಲ್ಲನ್ನು ಅರ್ಧ ಕಿತ್ತು ಬಿಟ್ಟರೆ ಉಳಿದ ಬೇರು ಗಟ್ಟಿಯಾಗಿ ಗೋವಿನಜೋಳವನ್ನೇ ತಿನ್ನುತ್ತದಲ್ಲ, ಹಾಗೆಯೇ ಇದು ಎಂದೆ. ನೀನು ಹೊಟ್ಟೆಯ ಮೇಲೆ ಕೈಯಾಡಿಸಿಕೊಂಡು, “ಇಲ್ಲೇನ ಹೊಲಾ ಐತೇನಲೇ?” ಎಂದು ಕೇಳಿದೆ. ಅಡುಗೆಮನೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಆ ಕೊನೆಯ ಜ್ವರದ ದಿನಗಳನ್ನು ನೆನೆಯದೆ ಮುಂದೆ ಬರೆಯಲು ಆಗುವುದಿಲ್ಲ. ಉರಿಮೂತ್ರವಾಗಿ ಚಳಿ ಹತ್ತಿದಾಗ ನೀನು ಡಬ್ಬಿಯ ಒಂದು ಬಣ್ಣ ನುಂಗಿದೆ, ಇಳಿಯದಿದ್ದಾಗ ಇನ್ನೊಂದು ಬಣ್ಣ ನುಂಗಿದೆ. ನನಗೆ ಸುದ್ದಿ ಮುಟ್ಟಿ ಹುಬ್ಬಳ್ಳಿಗೆ ಒಯ್ಯುವಷ್ಟರಲ್ಲಿ ನಿನಗೆ ನಿಲ್ಲಲೂ ಆಗುತ್ತಿರಲಿಲ್ಲ. ಮೂತ್ರದ ಪರೀಕ್ಷೆಯಲ್ಲಿ ಯಾವ ಔಷಧಿಗೆ ರೋಗಾಣು ಸಾಯುತ್ತದೆ, ಯಾವುದಕ್ಕೆ ಇಲ್ಲ ಎಂದು ನೋಡುತ್ತಾರೆ. ಸಾಯುವುದಿಲ್ಲ, ಸಾಯುವುದಿಲ್ಲ, ಇದಕ್ಕೂ ಸಾಯುವುದಿಲ್ಲ… ಪಟ್ಟಿಯ ಕೊನೆಯ ತನಕ ಓದಿದೆ. ಲಗ್ನದಲ್ಲಿ ಬೀಗರ ಪರಿಚಯ ಮಾಡಿಸಿದಂತೆ ನೀನು ಅವಕ್ಕೆ ಎಲ್ಲ ಗುಳಿಗೆಗಳ ಪರಿಚಯ ಮಾಡಿಸಿದ್ದೀ, ಈಗ ಅವು ಯಾರಿಗೂ ಹೆದರುವುದಿಲ್ಲ ಎಂದು ನಿನಗೆ ಹೇಳಿದೆ. ಆ ಜ್ವರದಲ್ಲೂ ನೀನು ನಕ್ಕೆ. “ಬೀಗತನ ಬೆಳಸೂದರಾಗ ನನ್ನ ಬಿಟ್ರ ಇಲ್ಲ ಬಿಡು” ಎಂದೆ. ಆಮೇಲೆ, “ಗಿರಿಜಾ ಅಂಜುಬುರಕಿ. ಆಕೀನ್ನ ನೋಡ್ಕೋ” ಎಂದೆ. ಕೆಲಸ ಮಾಡುವ ಒಂದು ಇಂಜೆಕ್ಷನ್ ಇತ್ತು. ಅದನ್ನು ಕೊಡುವಷ್ಟರಲ್ಲಿ ನಂಜು ರಕ್ತಕ್ಕೇರಿತ್ತು. ನನಗೆ ನಿನ್ನ ಮೇಲೆ ಸಿಟ್ಟಿದೆ, ದೊಡ್ಡವ್ವಾ. ನೀನು ಸತ್ತದ್ದಕ್ಕೆ ಅತ್ತೆ, ಅತ್ತ ಮೇಲೂ ಸಿಟ್ಟು ಉಳಿದೇ ಇತ್ತು.

ಈ ವರ್ಷ ಗಿರಿಜಾಳ ಗರ್ಭಚೀಲ ತೆಗೆಯಬೇಕು ಎಂದಾದಾಗ ನನಗೆ ಆ ಸಿಟ್ಟೆಲ್ಲ ಹೆದರಿಕೆಯಾಗಿ ತಿರುಗಿತು. ಅವಳಿಗೆ ಸಕ್ಕರೆ ಕಾಯಿಲೆ ಬೇರೆ. ಸಕ್ಕರೆ ಇದ್ದವರಿಗೆ ಹೊಲಿಗೆಯ ಜಾಗ ಒಮ್ಮೆ ಕೀವಾದರೆ ಮಾಯುವುದು ಕಷ್ಟ, ನಿನಗೆ ಬಂದಂಥ ರೋಗಾಣು ಸೇರಿದರಂತೂ… ಡಾಕ್ಟರ್ ಮೇಡಂ ಸ್ಪಷ್ಟವಾಗಿ ಹೇಳಿದರು. ಇಬ್ಬರಿಗಿಂತ ಹೆಚ್ಚು ಮಂದಿ ಒಳಗೆ ಬರಬಾರದು, ಕೈ ತೊಳೆಯದೆ ಯಾರೂ ಮುಟ್ಟಬಾರದು, ಹಾಸಿಗೆಯ ಮೇಲೆ ಕೂಡಲೇಬಾರದು. ಹೇಳುವುದು ಅವರಿಗೆ ಸುಲಭ, ಅವರು ನಮ್ಮ ಬಳಗದವರಲ್ಲ. ನಾನು ಸವಣೂರಿನ ಚಿಕ್ಕವ್ವನಿಗೆ ಫೋನ್ ಮಾಡಿ, ಗಿರಿಜಾ ಮನೆಗೆ ಬಂದ ಮೇಲೆ ಎಲ್ಲರೂ ಬರ್ರಿ ಎಂದೆ. ನಿನ್ನ ತಂಗಿ ಅಲ್ಲವೇ, ನಿನ್ನ ಗಾದಿಗೆ ಈಗ ಅವಳೇ ಕೂತಿದ್ದಾಳೆ. “ನಿಮ್ಮ ದೊಡ್ಡವ್ವ ಇದ್ದಿದ್ರ ಹಿಂಗ ಅಂತಿದ್ಲೇನವಾ? ತಾಯಿ ಇಲ್ಲದ ಹುಡುಗಿ. ನಾವೂ ಹೋಗಲಿಲ್ಲ ಅಂದ್ರ ಊರ ಏನ ಅಂದೀತು? ಟ್ರ್ಯಾಕ್ಸ್ ಗಾಡಿ ಹೇಳಾಗೇತಿ” ಎಂದಳು. ಹಿಂದಿನಿಂದ ಯಾರೋ, ಶಿಗ್ಗಾವಿಯವರನ್ನು ದಾರಿಯಲ್ಲಿ ಹತ್ತಿಸಿಕೊಳ್ಳಬೇಕು ಎಂದದ್ದು ಕೇಳಿಸಿತು.

ಆಪರೇಷನ್ನಿನ ಹಿಂದಿನ ದಿನ ನಾನು ದೊಡ್ಡಪ್ಪನ ಪಕ್ಕದಲ್ಲಿ ಕೂತು ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಮಗಳ ಜೊತೆಗಿರಲು ಬಂದಿದ್ದ, ಕೈಚೀಲದಲ್ಲಿ ಒಂದು ಪಂಜೆ, ಒಂದು ಟವೆಲ್, ನೀರು ಕುಡಿಯಲು ನಿನ್ನ ಹಿತ್ತಾಳೆ ತಂಬಿಗಿ. ನಿನಗೆ ಏನಾಗಿ ನೀನು ಹೋದೆ, ಗಿರಿಜಾಳಿಗೆ ಅದು ಹೇಗೆ ಬರಬಹುದು, ಬಂದವರ ಕೈ ಯಾಕೆ ತೊಳೆಸಬೇಕು, ಎಲ್ಲ ಹೇಳಿದೆ. ಅವನು ತಂಬಿಗಿಯನ್ನೇ ನೋಡುತ್ತ “ಹೂಂ” ಎಂದ. ಗೋಡೆಗೆ ಹೇಳಿದಂತಾಯಿತು ಎಂದುಕೊಂಡು ನಾನು ಎದ್ದು ಹೋದೆ.

ಮರುದಿನ ಆಪರೇಷನ್ ಚೆನ್ನಾಗಿ ಆಯಿತು. ಅದರ ಮಾರನೆಯ ದಿನ ಟ್ರ್ಯಾಕ್ಸ್ ಬಂತು. ನಾನು ವರಾಂಡದ ಆ ತುದಿಯ ಕೋಣೆಯಲ್ಲಿ ಒಬ್ಬರ ಗಾಯಕ್ಕೆ ಪಟ್ಟಿ ಕಟ್ಟುತ್ತಿದ್ದೆ, ಕೈಯಲ್ಲಿ ಗ್ಲೌಸು, ಬಿಟ್ಟು ಓಡುವ ಹಾಗಿಲ್ಲ. ಕಿಟಕಿಯಿಂದ ನೋಡಿದರೆ ದಿಬ್ಬಣವೇ ಇಳಿಯುತ್ತಿತ್ತು. ಮುಂದೆ ಚಿಕ್ಕವ್ವ, ಕಂಕುಳಲ್ಲಿ ಸವಣೂರ ಖಾರದ ದೊಡ್ಡ ಪೊಟ್ಟಣ. ಹೊಟ್ಟೆ ಕೊಯ್ದು ಹೊಲಿದವಳಿಗೆ ಖಾರ. ಹಿಂದೆ ರೊಟ್ಟಿ ಬುಟ್ಟಿ, ವಿಭೂತಿಯ ಉಂಡೆ, ಯಾರದೋ ಸೊಂಟದ ಮೇಲೆ ಮೂಗು ಸುರಿಸುವ ಕೂಸು. ಎಲ್ಲರ ಕಣ್ಣೂ ವಾರ್ಡಿನ ಬಾಗಿಲ ಮೇಲೆ. ನೀನು ನನಗೆ ವಹಿಸಿ ಹೋದದ್ದು ಒಂದೇ ಕೆಲಸ, ಅದೂ ಈಗ…

ಅಷ್ಟರಲ್ಲಿ ದೊಡ್ಡಪ್ಪ ಎದ್ದು ನಿಂತ. ಬಾಗಿಲ ಪಕ್ಕದ ನಳದ ಕೆಳಗೆ ಅವನು ಅದಾಗಲೇ ಬಕೆಟ್ಟು ತುಂಬಿಸಿ ಇಟ್ಟಿದ್ದ, ಪಕ್ಕದಲ್ಲಿ ಸಾಬೂನು. ತಂಬಿಗಿ ತುಂಬಿಕೊಂಡು ಹೊಸ್ತಿಲಿಗೆ ಅಡ್ಡವಾಗಿ ನಿಂತು, “ಬರ್ರಿ, ಕೈಗೆ ನೀರ ತೊಗೊಳ್ರಿ” ಎಂದ.

ಟ್ರ್ಯಾಕ್ಸಿನವರೆಲ್ಲ ಗಕ್ಕನೆ ನಿಂತರು. ದೊಡ್ಡಪ್ಪನ ಬಾಯಲ್ಲಿ ಅಷ್ಟು ಮಾತು ಬಂದದ್ದು ಒಂದು ಕಾರಣ, ಆ ತಂಬಿಗಿ ಇನ್ನೊಂದು. ಅದರ ನೀರು ಬೇಡ ಎಂದವರು ನಮ್ಮ ಬಳಗದಲ್ಲಿ ಯಾರಿದ್ದಾರೆ? ಹೊಸ್ತಿಲಲ್ಲಿ ಕೊಟ್ಟ ನೀರು ಬೇಡ ಎಂದರೆ ಆ ಮನೆಯೊಂದಿಗೆ ಜಗಳ ಇದೆ ಎಂದೇ ಅರ್ಥ. ಚಿಕ್ಕವ್ವ ಮಾತ್ರ ಸ್ವಲ್ಪ ಎಳೆದಳು. “ಮಾವಾರ, ಇದೇನ ಮನಿಯೇನ್ರಿ? ದವಾಖಾನಿ.”

“ನನ್ನ ಮಗಳ ಮಲಗ್ಯಾಳಲ್ಲ, ಇವತ್ತಿಗೆ ಇದ ಮನಿ” ಎಂದ ದೊಡ್ಡಪ್ಪ. “ಬೆರಳ ಸಂದ್ಯಾಗ ತಿಕ್ಕವಾ. ಹಿಂದ ಮುಂದ ಎಲ್ಲಾ ತಿಕ್ಕು.”

ಅವಳು ತಿಕ್ಕಿದಳು. ತಿಕ್ಕಿ, ರೂಢಿಯಂತೆ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆ ಸೆರಗು ಸವಣೂರಿನಿಂದ ಟ್ರ್ಯಾಕ್ಸಿನ ಕಿಟಕಿ ಒರೆಸಿಕೊಂಡು ಬಂದಿತ್ತು. ದೊಡ್ಡಪ್ಪ ತಂಬಿಗಿ ಮತ್ತೆ ತುಂಬಿದ. ನಿನ್ನ ತಂಗಿ, ಸವಣೂರಿನಲ್ಲಿ ನಾಲ್ಕು ಮಂದಿ ಹೆದರುವ ಹೆಂಗಸು, ಎರಡನೇ ಸಲ ಕೈ ಒಡ್ಡಿ ನಿಂತಳು, ಆರುವ ತನಕ ಕೈ ಮೇಲಕ್ಕೆತ್ತಿಕೊಂಡೇ ಇದ್ದಳು. ಇಬ್ಬಿಬ್ಬರಾಗಿ ಒಳಗೆ ಹೋಗಿ, ನಿಂತುಕೊಂಡೇ ಮಾತಾಡಿಸಿ ಹೊರಗೆ ಬಂದರು. ಮೂಗು ಸುರಿಸುವ ಕೂಸಿಗೆ ಪ್ರವೇಶ ಸಿಗಲಿಲ್ಲ. ಉಳಿದವರು ವರಾಂಡದ ಆಚೆ ಬೇವಿನ ಗಿಡದ ಕೆಳಗೆ ರೊಟ್ಟಿ ಬುಟ್ಟಿ ಬಿಚ್ಚಿ, ಗಿರಿಜಾಳ ಪಾಲಿನ ಖಾರವನ್ನೂ ಮುಗಿಸಿ, ತೃಪ್ತಿಯಿಂದ ಊರಿಗೆ ಹೋದರು. ಹೋಗುವಾಗ ಚಿಕ್ಕವ್ವ ನನ್ನನ್ನು ಕರೆದು, “ಅಕ್ಕ ಇದ್ದಾಗ ಹೆಂಗಿತ್ತೋ ಹಂಗ ಮರ್ಯಾದಿ ಮಾಡಿದ್ರು ಮಾವಾರು” ಎಂದಳು. ನಾನು ಗೋಡೆಗೆ ಅಂಟಿಸಿದ ಕೈ ತೊಳೆಯುವ ಚಿತ್ರವನ್ನು ನೋಡಿ ಇದುವರೆಗೆ ಒಬ್ಬರಾದರೂ ಮರ್ಯಾದೆ ಎಂದಿದ್ದಾರೆಯೇ?

ಮರುದಿನ ಗಿರಿಜಾಳ ದಿಂಬು ಸರಿ ಮಾಡುವಾಗ ಕೈಗೆ ಏನು ಸಿಕ್ಕಿತು ಎಂದು ಹೇಳು ನೋಡೋಣ. ನವಿಲಿನ ಚಿತ್ರದ ಡಬ್ಬಿ. ಅಂಜುಬುರಕಿ ಮಗಳು ಅವ್ವನ ಡಬ್ಬಿಯನ್ನು ಆಪರೇಷನ್ನಿಗೂ ತಂದಿದ್ದಳು. ಗಾಯ ಕೀವಾಗದಂತೆ ಆಪರೇಷನ್ನಿಗೆ ಮೊದಲು ಕೊಡಬೇಕಾದ ಇಂಜೆಕ್ಷನ್ ಕೊಟ್ಟು, ಇನ್ನು ಬೇಕಿಲ್ಲ ಎಂದು ಮೇಡಂ ಹೇಳಿದ್ದು ಅವಳಿಗೆ ಜಿಪುಣತನವಾಗಿ ಕಂಡಿತ್ತು. ಒಂದು ಕೆಂಪು-ಕರಿ ತನಗೆ, ಒಂದು ಪಕ್ಕದ ಹಾಸಿಗೆಯ ರಟ್ಟೀಹಳ್ಳಿಯ ಮುದುಕಿಗೆ ಎಂದು ತೆಗೆದಿಟ್ಟಿದ್ದಳು. ಥೇಟು ನಿನ್ನ ಮಗಳು. ನಾನು ಸಿಟ್ಟಿನಿಂದ ಡಬ್ಬಿ ಕಸಿದುಕೊಂಡೆ. ಅವಳು ಅಳತೊಡಗಿದಳು. “ಅವ್ವನ ಕೈ ಮುಟ್ಟಿದ್ದಲೇ ಸುಮಿ, ಒಗೀಬ್ಯಾಡ” ಎಂದಳು. ಹೊಲಿಗೆ ಬಿಗಿಯುವಂತೆ ಅಳುವವಳ ಹೊಟ್ಟೆಗೆ ದಿಂಬು ಒತ್ತಿ ಹಿಡಿದೆ. ನಿನ್ನನ್ನು ಕೊಂದದ್ದು ಈ ಡಬ್ಬಿ ಎನ್ನಬೇಕೆಂದಿದ್ದೆ, ಆದರೆ ಡಬ್ಬಿಗೆ ನಿನ್ನ ಅಡುಗೆಮನೆಯ ವಾಸನೆ ಇತ್ತು.

ಬಾಗಿಲಲ್ಲಿದ್ದ ದೊಡ್ಡಪ್ಪ ಒಳಗೆ ಬಂದ. ಡಬ್ಬಿ ತೆಗೆದುಕೊಂಡು ಗುಳಿಗೆಗಳನ್ನೆಲ್ಲ ನನ್ನ ಟ್ರೇಗೆ ಸುರಿದ. “ಗುಳಿಗಿ ಊರ ಮಂದೀದು. ಡಬ್ಬಿ ಆಕೀದು” ಎಂದು ಹೇಳಿ, ಅದನ್ನು ನಳದ ಕೆಳಗೆ ತಿಕ್ಕಿ ತಿಕ್ಕಿ ತೊಳೆದು, ಬಿಸಿಲಿಗೆ ಮಗುಚಿ ಇಟ್ಟ. ಗುಳಿಗೆಗಳನ್ನು ತಿಪ್ಪೆಗೆ ಎಸೆಯಲಿಲ್ಲ ದೊಡ್ಡವ್ವಾ, ಆಸ್ಪತ್ರೆಯ ಔಷಧಿ ಕಸದ ಜೊತೆ ಕ್ರಮವಾಗಿ ಕಳಿಸಿದೆ. ಡಬ್ಬಿಯಲ್ಲಿ ಈಗ ಶೇಂಗಾ ಉಂಡಿ ಇವೆ. ಓಣಿಯ ಮಂದಿ ನೆಗಡಿಯಾದರೆ ಈಗಲೂ ಬರುತ್ತಾರೆ, ಚೇತರಿಸಿಕೊಳ್ಳಲು ತವರಿನಲ್ಲೇ ಉಳಿದಿರುವ ಗಿರಿಜಾ ಒಂದು ಉಂಡಿ ಕೊಟ್ಟು ಡಾಕ್ಟರ ಹತ್ತಿರ ಹೋಗಿ ಎನ್ನುತ್ತಾಳಂತೆ. ಉಂಡಿ ತಿಂದವರಲ್ಲಿ ಬಹಳ ಮಂದಿಗೆ ನೆಗಡಿ ತಾನೇ ಹೋಗುತ್ತದೆ, ಅದರ ಕೀರ್ತಿಯೂ ನಿನ್ನ ಡಬ್ಬಿಗೇ.

ಹೊಲಿಗೆ ಬಿಚ್ಚುವ ದಿನ ನಿನಗೆ ಹೇಳಲೇಬೇಕಾದದ್ದೊಂದು ನಡೆಯಿತು. ಡಾಕ್ಟರ್ ಮೇಡಂ ಅವಸರದಲ್ಲಿದ್ದರು. ಆಚೆ ವಾರ್ಡಿನಿಂದ ಫೋನಿನಲ್ಲಿ ಮಾತಾಡುತ್ತ ನೆಟ್ಟಗೆ ಗಿರಿಜಾಳ ಬಾಗಿಲಿಗೆ ಬಂದರು. ದೊಡ್ಡಪ್ಪ ಎದ್ದು ನಿಂತ. “ಬಾಯಾರ, ಕೈಗೆ ನೀರ” ಎಂದ. ಮೇಡಂ ಫೋನನ್ನು ಜೇಬಿಗಿಳಿಸಿದರು, ಅವನ ಮುಖ ನೋಡಿದರು, ತಂಬಿಗಿ ನೋಡಿದರು, ಎರಡೂ ಕೈ ಮುಂದೆ ಚಾಚಿದರು. ಅವನು ನೀರು ಹಾಕಿದ. “ಬೆರಳ ಸಂದ್ಯಾಗ” ಎಂದು ಮೆಲ್ಲಗೆ ಸೇರಿಸಿದ. ಅವರು ಅಲ್ಲಿಯೂ ತಿಕ್ಕಿದರು. ನಂತರ ಒಳಗೆ ಹೋಗಿ ಪಟ್ಟಿ ಬಿಚ್ಚಿ ನೋಡಿದರು.

ಒಣಗಿತ್ತು, ದೊಡ್ಡವ್ವಾ. ಕೀವಿಲ್ಲ, ಕೆಂಪಿಲ್ಲ. ಸಕ್ಕರೆಯ ಹೊಟ್ಟೆ, ಟ್ರ್ಯಾಕ್ಸ್ ತುಂಬ ಬಳಗ, ಆದರೂ ನಿನ್ನ ಮಗಳ ಗಾಯ ಒಣಗಿ ಗೆರೆಯಂತಾಗಿತ್ತು. ನಾನು ಔಷಧದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನಿನ್ನ ಮೇಲಿನ ಸಿಟ್ಟು ಅಲ್ಲಿಯೇ ಎಲ್ಲೋ ಬಿದ್ದುಹೋಗಿರಬೇಕು, ಆಮೇಲೆ ಹುಡುಕಿದರೂ ಸಿಕ್ಕಿಲ್ಲ.

ಗಿರಿಜಾಳನ್ನು ಕರೆದುಕೊಂಡು ಹೊರಡುವಾಗ ದೊಡ್ಡಪ್ಪ ಕೈಚೀಲ ಕಟ್ಟಿದ. ತಂಬಿಗಿ ಬಾಗಿಲ ಬಳಿಯೇ ಇತ್ತು. ಮರೆತನೆಂದು ನಾನು ಎತ್ತಿಕೊಂಡು ಆಟೋ ಹತ್ತಿರ ಓಡಿದೆ. ಅವನು ತೆಗೆದುಕೊಳ್ಳಲಿಲ್ಲ. ಒಂದು ಕ್ಷಣ ಅದರ ಅಂಚನ್ನು ಹೆಬ್ಬೆರಳಿನಿಂದ ಸವರಿ, “ಆಕಿಗೆ ದವಾಖಾನಿ ಅಂದ್ರ ಭಾಳ ಜೀವ. ಇಲ್ಲೇ ಇರ್ಲಿ” ಎಂದ.

ಇಲ್ಲೇ ಇದೆ. ಬಾಗಿಲ ಪಕ್ಕದ ಮೊಳೆಗೆ ದಾರ ಕಟ್ಟಿ ತೂಗುಹಾಕಿದ್ದೇನೆ. ನಾನು ಅದನ್ನು ದೊಡ್ಡವ್ವನ ತಂಬಿಗಿ ಎನ್ನುವುದನ್ನು ಕೇಳಿ, ಹೊಸದಾಗಿ ಬಂದ ನರ್ಸುಗಳು ಒಬ್ಬರಿಗೊಬ್ಬರು “ದೊಡ್ಡವ್ವ ಆತೇನ?” ಎಂದು ಕೇಳುತ್ತಾರೆ, ಕೈ ತೊಳೆದೆಯಾ ಎಂದು ಅದರ ಅರ್ಥ. ನೀನು ಯಾರೆಂದು ಅವರಿಗೆ ಗೊತ್ತಿಲ್ಲ. ನಾನು ಮಾತ್ರ ಒಂದು ಮಾತು ಕೊಡುತ್ತೇನೆ. ಅಲ್ಲಿ ಬೇಸರವಾಗಿ ಎಂದಾದರೂ ನೀನು ಯಾರನ್ನೋ ಮಾತಾಡಿಸಲು ಇತ್ತ ಬಂದರೆ ತಡೆಯುವುದಿಲ್ಲ. ನಿನ್ನ ತಂಬಿಗಿಯಿಂದ ನಾನೇ ಕೈಗೆ ನೀರು ಹಾಕುತ್ತೇನೆ. ನಿನಗೆಂದು ಒಂದು ಕುರ್ಚಿಯನ್ನೂ ಹಾಕಿಸಿದ್ದೇನೆ, ಹಾಸಿಗೆಯ ಮೇಲೆ ಮಾತ್ರ ಕೂಡಬೇಡ.

ನಿನ್ನ ತಂಗಿಯ ಮಗಳು,
ಸುಮಿ